ಹಿಂಡಿಯ ಮಾಲಕರು

ನಮ್ಮ ಕಡೆ ಗಂಡನ ಹೆಸರು ಹೇಳುವುದಿಲ್ಲ, ‘ಮಾಲಕರು’ ಅನ್ನುತ್ತೇವೆ. ಅಂಗಡಿ ಇದ್ದವರೂ ಮಾಲಕರೇ, ಹೊಲ ಇದ್ದವರೂ ಮಾಲಕರೇ. ಇಷ್ಟು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ತೊಡಕು ಶುರುವಾದದ್ದು ನಾನು ಸೊಲ್ಲಾಪುರದ ಮನೆಯಲ್ಲಿ ಶೇಂಗಾ ಹಿಂಡಿ, ಅಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಕುಟ್ಟಿ ಮಾರತೊಡಗಿದ ಮೇಲೆ.

ಮೊದಲು ಓಣಿಯವರು ಒಯ್ದರು. ಆಮೇಲೆ ಅಕ್ಕಲಕೋಟೆಯಲ್ಲಿ ಸ್ವಾಮಿಗಳ ಗುಡಿಯ ಹತ್ತಿರದ ಅಂಗಡಿಯವರೊಬ್ಬರು ರುಚಿ ನೋಡಿ, ದರ್ಶನಕ್ಕೆ ಬಂದವರಿಗೆ ಮಾರಲು ಒಂದಿಷ್ಟು ಪಾಕೀಟು ಇಟ್ಟುಕೊಂಡರು. ಸ್ವಾಮಿಗಳ ದಯೆ, ಎಲ್ಲ ಖರ್ಚಾದವು. ಅವರ ಫೋನ್ ಬಂತು.

“ಮಾಲಕರು ಅದಾರೇನ್ರಿ, ಅಕ್ಕಾರ?”

“ಇಲ್ರಿ, ದುಕಾನಕ್ಕ ಹೋಗ್ಯಾರ.”

ನಮ್ಮವರದು ಬಟ್ಟೆ ದುಕಾನು. ಫೋನ್ ಇಟ್ಟ ಮೇಲೆ ತಿಳಿಯಿತು, ಅವರು ಕೇಳಿದ್ದು ಹಿಂಡಿಯ ಮಾಲಕರನ್ನು. ತಿರುಗಿ ಫೋನ್ ಮಾಡಬಹುದಿತ್ತು. ಏನಂತ ಹೇಳುವುದು? ನಾನೇ ಮಾಲಕರು ಎಂದರೆ ನಮ್ಮವರ ಗಾದಿಯ ಮೇಲೆ ಹೋಗಿ ಕೂತಂತೆ. ಒರಳು ಅತ್ತೆಯವರದು, ಅಳತೆ ತವರಿನದು. ನನ್ನದು ಕುಟ್ಟುವ ಕೈ ಅಷ್ಟೆ. ಕುಟ್ಟಿದವಳಿಗೆ ಯಾರಾದರೂ ಮಾಲಕಿ ಅಂತಾರೆಯೇ?

ಎರಡನೆಯ ಸಲವೂ “ಮನಿಯಾಗ ಇಲ್ರಿ” ಅಂದೆ. ಮತ್ತೆ ಫೋನ್ ಬಂದಾಗ ಅವರ ದನಿ ಬದಲಾಗಿತ್ತು.

“ಅಕ್ಕಾರ, ಇವತ್ತರ ಮಾಲಕರಿಗೆ ಕೊಡ್ರಿ. ಇಲ್ಲಂದ್ರ ನಾ ಬ್ಯಾರೇದವರ ಮಾಲ್ ಇಡ್ತೀನ್ರಿ.”

ಅಂದು ದುಕಾನಿಗೆ ರಜೆ. ನಮ್ಮವರು ಅಡುಗೆಮನೆಯಲ್ಲೇ ಊಟಕ್ಕೆ ಕೂತಿದ್ದರು. ಫೋನಿನ ಬಾಯಿ ಮುಚ್ಚಿ, “ನೀವಽ ಮಾತಾಡ್ರಿ” ಅಂದೆ.

“ನಾ ಏನ್ ಮಾತಾಡ್ಲಿ? ಹಿಂಡಿ ಎಷ್ಟ ದಿನಾ ತಾಳತದ ಅಂತ ಕೇಳಿದ್ರ, ಸಂಜೀತನಕ ಅಂತೀನಿ. ನಮ್ಮ ಮನ್ಯಾಗ ಅಷ್ಟಽ ಉಳೀತದ.”

ಅಷ್ಟು ಹೇಳಿ ರೊಟ್ಟಿ ಮುರಿದುಕೊಂಡರು. ಹಿಂದೆ ಒಲೆ, ಮುಂದೆ ಅವರ ತಾಟು, ಕೈಯಲ್ಲಿ ಫೋನು. ದಾಟಿ ಹೋಗಲು ದಾರಿಯಿರಲಿಲ್ಲ. ಸ್ವಾಮಿಗಳನ್ನು ನೆನೆದು ಬಾಯಿ ಬಿಟ್ಟೆ.

“ನಾನಽ ರೀ ಮಾಲಕರು.”

ಆ ಕಡೆಯಿಂದ ಅಂಗಡಿಯವರು ಬಹಳ ಮೆತ್ತಗೆ, “ಅಯ್ಯ, ಮಾಲಕರು ಯಾವಾಗ ತೀರಿಕೊಂಡ್ರು, ಅಕ್ಕಾರ?” ಎಂದರು.

ಕೈ ತಾಳಿಗೆ ಹೋಯಿತು.

“ಬಿಡ್ತು ಅನ್ರಿ. ಅವರು ಇಲ್ಲೇ ಊಟಾ ಮಾಡಾಕತ್ತಾರ. ಹಿಂಡಿದಷ್ಟಽ ನಾ ಮಾಲಕಿ. ಎಷ್ಟ ಬೇಕು ಹೇಳ್ರಿ.”

“ಬಿಡ್ತು, ಬಿಡ್ತು. ತಪ್ಪಾತ್ರಿ. ಹ್ವಾದ ಸಲಕ್ಕಿಂತ ದುಪ್ಪಟ್ಟ ಕಳಸ್ರಿ. ಹಂಗಽ ಎಣ್ಣಿ ಬಿಟ್ಟಿರಬೇಕ ನೋಡ್ರಿ.”

“ಬಿಟ್ಟಿರತದ್ರಿ. ಒರಳಾಗಽ ಕುಟ್ಟತೀನಿ, ಮಿಕ್ಸರ್‌ಗೆ ನಾ ಹಾಕೂದಿಲ್ಲ.”

ಫೋನ್ ಇಟ್ಟೆ. “ಉಣ್ಣಾಕತ್ತಾಗಽ ನನ್ನ ತಿಥಿ ಮಾಡಿಬಿಟ್ರಲ್ಲ” ಎಂದು ನಮ್ಮವರು ನಕ್ಕರು. ಸಿಟ್ಟಾಗಲಿಲ್ಲ, ಅದೂ ಒಂದು ದಯೆಯೇ. ಆದರೂ ಸಂಜೆ ಹಿಂಡಿ ಕುಟ್ಟುವಾಗ, ಯಾರದೋ ಸಾಮಾನು ಮುಟ್ಟಿ ಸಿಕ್ಕಿಬಿದ್ದವಳ ಹಾಗೆ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದೆ.

ಈಗ ಹೊಸ ಅಂಗಡಿಯವರು ಕೇಳಿದರೂ ನಾನೇ ಮಾಲಕಿ ಎಂದು ಹೇಳುತ್ತೇನೆ. ಹೇಳುವ ಮುಂಚೆ ಅಡುಗೆಮನೆಯ ಬಾಗಿಲು ಎಳೆದುಕೊಳ್ಳುತ್ತೇನೆ.