ಬಳ್ಳಿ ನೋಡಲು ಬಂದವರು

ನನಗೆ ಆರು ತಿಂಗಳು ತುಂಬಿದ್ದಾಗ ಅತ್ತೆಯ ವೀಳ್ಯದೆಲೆ ಬಳ್ಳಿಗೆ ಚುಕ್ಕಿ ಬಿದ್ದವು. ಅಂದಿನಿಂದ ನಮ್ಮ ಮನೆಯಲ್ಲಿ ಆರೈಕೆ ಯಾರಿಗೆ ಬೇಕು ಎಂಬುದೇ ಎಲ್ಲರಿಗೂ ಮರೆತುಹೋಯಿತು.

ಬಳ್ಳಿ ಇದ್ದದ್ದು ಮರಾಠಿ ಸೀಮೆಯ ಕಾತ್ರಜದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಹಳೆಯ ಬಣ್ಣದ ಡಬ್ಬಿಯೊಂದರಲ್ಲಿ. ನಾನು ಮೈಸೂರಿನವಳು, ಅತ್ತೆ ಬಾಗಲಕೋಟೆಯವರು. ನಾವು ಸೀಮಂತ ಅನ್ನುವುದನ್ನು ಅವರು ಕುಬಸ ಅನ್ನುತ್ತಾರೆ. ನನ್ನ ಕುಬಸಕ್ಕೆ ಬರುವ ಹೆಂಗಸರಿಗೆಲ್ಲ ತಮ್ಮ ಬಳ್ಳಿಯ ಎಲೆಯನ್ನೇ ಕೊಡುವುದಾಗಿ ಅವರು ಕಂಡಕಂಡವರಿಗೆಲ್ಲ ಸಾರಿದ್ದರು. "ಪ್ಯಾಟಿ ಎಲಿ ಒಂದೂ ಮನಿಯೊಳಗ ಬರಂಗಿಲ್ಲ" ಎಂದು ಫೋನಿನಲ್ಲಿ ಹೇಳುವಾಗ ಅವರ ದನಿ ಮೇಲೇರುತ್ತಿತ್ತು. ತಾಂಬೂಲದ ಎಲೆಯಲ್ಲಿ ಕಲೆ ಇರಬಾರದು. ಈಗ ನೋಡಿದರೆ ಎಲೆ ಎಲೆಗೂ ಕಂದು ಚುಕ್ಕಿ, ಸುತ್ತ ಹಳದಿ ಅಂಚು. ಅತ್ತೆ ಅವತ್ತು ಊಟವನ್ನೇ ಸರಿಯಾಗಿ ಮಾಡಲಿಲ್ಲ.

ಮೊದಲು ಬಂದವರು ಎದುರು ಮನೆಯ ಮರಾಠಿ ಕಾಕು. "ನಜರ್ ಲಾಗ್ಲೀ ಗಂ!" ಎಂದು ದೃಷ್ಟಿ ತೆಗೆದು, ಬಳ್ಳಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಮರುದಿನ ಹುಳಿ ಮಜ್ಜಿಗೆ ತಂದು ಎಲೆಗಳ ಮೇಲೆ ಎರಚಿದರು. ಸುದ್ದಿ ಅತ್ತೆಯ ಭಜನೆಯ ಗುಂಪಿಗೆ ಹಬ್ಬಿತು. ಅವರೆಲ್ಲ ಕಾಯಿಲೆಯವರನ್ನು ನೋಡಲು ಬರುವ ಹಾಗೆಯೇ ಬಂದರು, ದನಿ ತಗ್ಗಿಸಿಕೊಂಡು, ಚಪ್ಪಲಿ ಸದ್ದಿಲ್ಲದೆ ಬಿಟ್ಟು. ಒಬ್ಬರು ಬೂದಿ ಉದುರಿಸಿದರು, ಇನ್ನೊಬ್ಬರು ಅರಿಸಿನದ ನೀರು ಚಿಮುಕಿಸಿದರು. ಹೋಗುವಾಗ ಪ್ರತಿಯೊಬ್ಬರೂ "ಪಾಪ" ಎಂದು ಒಂದೊಂದು ತಂಬಿಗೆ ನೀರು ಸುರಿದು ಹೋದರು.

ಅತ್ತೆಯ ತಂಗಿ ಶಿರೂರಿನಿಂದ ಬಸ್ಸು ಹತ್ತಿ ಬಂದರು. ಕೈಯಲ್ಲಿ ಎಳನೀರು. ಬಿಸಿಲಿಗೆ ನನ್ನ ಗಂಟಲು ಒಣಗಿತ್ತು. ಆಸೆಯಿಂದ ಕೈ ಚಾಚಿದೆ. ಆಕೆ ನನ್ನನ್ನು ದಾಟಿಕೊಂಡು ಬಾಲ್ಕನಿಗೆ ಹೋಗಿ, ಅಷ್ಟನ್ನೂ ಬಳ್ಳಿಯ ಬುಡಕ್ಕೆ ಹಾಕಿದರು. "ಭಾಳ ಸೊರಗೇದ" ಎಂದು ಕಣ್ಣೊರೆಸಿಕೊಂಡರು. ನನ್ನ ಕಾಲು ಊದಿ ಕುಂಬಳಕಾಯಿಯಾಗಿದ್ದವು, ಅದು ಯಾರ ಕಣ್ಣಿಗೂ ಬೀಳಲಿಲ್ಲ. ಒಂದು ಡಬ್ಬಿ ಗಿಡದ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು. ನಾಚಿಕೆಯೂ ಆಯಿತು, ಆದರೆ ಹೊಟ್ಟೆಕಿಚ್ಚೇ ಜಾಸ್ತಿ.

ಆ ಸಿಟ್ಟಿನಲ್ಲೇ ಕೂತು ಫೋನಿನಲ್ಲಿ ಓದಿದೆ. ಎಲೆಯ ಮೇಲೆ ಸದಾ ತೇವ ನಿಂತರೆ ಬೂಷ್ಟು ಹಿಡಿದು ಚುಕ್ಕಿ ಬೀಳುತ್ತವಂತೆ. ಒಂದು ಎಲೆಯಿಂದ ಚಿಮ್ಮಿದ ನೀರು ಇನ್ನೊಂದಕ್ಕೂ ರೋಗ ಅಂಟಿಸುತ್ತದಂತೆ. ಅಂದರೆ ಬಳ್ಳಿಯನ್ನು ಕೊಲ್ಲುತ್ತಿದ್ದದ್ದು ಬಂದವರ ಕನಿಕರವೇ.

"ಅತ್ತೆ, ಚುಕ್ಕಿ ಇರೋ ಎಲೆಗಳನ್ನೆಲ್ಲ ಕತ್ತರಿಸಿಬಿಡೋಣ. ಮೇಲೆ ನೀರು ಹಾಕೋದು ನಿಲ್ಲಿಸಿ, ಒಣಗೋಕೆ ಬಿಡೋಣ."

"ಎಲ್ಲಾ ಕೊಯ್ದ್ರ ಕುಬಸಕ್ಕ ಏನ ಕೊಡೂದು? ಕಡ್ಡಿ ಕೊಡ್ಲೇನು?" ಎಂದವರೇ ಅತ್ತೆ ಮತ್ತೆ ತಂಬಿಗೆ ತುಂಬಲು ಹೋದರು. ನಾಲ್ಕು ಜನರೆದುರು ಆಡಿದ ಮಾತು ಸುಳ್ಳಾಗುತ್ತದಲ್ಲ ಎಂಬುದೇ ಅವರ ಸಂಕಟ.

ಕುಬಸಕ್ಕೆ ಒಂದು ವಾರವಿತ್ತು. ಬಟ್ಟೆ ಒಣಹಾಕಲು ಬಾಲ್ಕನಿಗೆ ಕಾಲಿಟ್ಟೆ. ನೆಲವೆಲ್ಲ ನೀರು, ಮಜ್ಜಿಗೆ, ಬೂದಿ. ಜರ್ರನೆ ಜಾರಿ ದೊಪ್ಪನೆ ಕೂತುಬಿಟ್ಟೆ. ಅತ್ತೆಯ ಕೈಯಲ್ಲಿದ್ದ ತಂಬಿಗೆ ಉರುಳಿಹೋಯಿತು. ಆಸ್ಪತ್ರೆಯ ದಾರಿಯುದ್ದಕ್ಕೂ ಅವರು ನನ್ನ ಕೈ ಬಿಡಲಿಲ್ಲ. ಮಗುವಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದಾಗ ನನಗೆ ಅಳು ಬಂತು, ಅವರೂ ಅತ್ತರು.

ಮನೆಗೆ ಬಂದ ಅತ್ತೆ ಸೀರೆ ಕೂಡ ಬದಲಾಯಿಸಲಿಲ್ಲ. ತಮ್ಮ ಅಡಕತ್ತರಿ ಹಿಡಿದು ಬಾಲ್ಕನಿಗೆ ಹೋಗಿ ಬಳ್ಳಿಯ ಎಲೆಗಳನ್ನೆಲ್ಲ ಕಚಕಚನೆ ಕತ್ತರಿಸಿ ಹಾಕಿದರು. ನೆಲ ಒರೆಸಿ, ತಂಬಿಗೆಯನ್ನು ಕಪಾಟಿನ ಮೇಲಿಟ್ಟರು. ಸಂಜೆ ಕಾಕು ಹೊಸದಾಗಿ ಮಜ್ಜಿಗೆ ತಂದಾಗ ಅದನ್ನು ಬಾಗಿಲಲ್ಲೇ ಇಸಿದುಕೊಂಡು, ಉಪ್ಪು ಹಾಕಿ ನನಗೆ ಕುಡಿಸಿದರು. ವಿಪರೀತ ಹುಳಿಯಿತ್ತು. ಪೂರ್ತಿ ಕುಡಿದೆ.

ಕುಬಸದ ದಿನ ಹಸಿರು ಸೀರೆ, ಹಸಿರು ಬಳೆಯಲ್ಲಿ ಕೂತಿದ್ದೆ. ಬಂದವರೆಲ್ಲ ನೇರ ಬಾಲ್ಕನಿಗೇ ನಡೆದರು. ಅಲ್ಲಿ ಬೋಳು ಕಡ್ಡಿ. ಅದರ ಒಂದು ಗಿಣ್ಣಿನಲ್ಲಿ ಚುಕ್ಕಿಯಿಲ್ಲದ ಸಣ್ಣ ಚಿಗುರು ಮೂಡಿತ್ತು, ಅದನ್ನು ಯಾರೂ ನೋಡಲಿಲ್ಲ. ಅತ್ತೆ ಪೇಟೆಯಿಂದ ತರಿಸಿದ ಎಲೆಗಳನ್ನು ಬಟ್ಟೆಯಿಂದ ಒರೆಸಿ ತಟ್ಟೆಯಲ್ಲಿ ಜೋಡಿಸುತ್ತಿದ್ದರು.

ಶಿರೂರಿನ ತಂಗಿ ಗಾಬರಿಯಿಂದ ಓಡಿ ಬಂದರು. "ಅಯ್ಯ ಅಕ್ಕಾ! ಬಳ್ಳಿಗೇನಾತ?"

ಅತ್ತೆ ತಲೆ ಎತ್ತಲಿಲ್ಲ. ಎಲೆ ಒರೆಸುತ್ತಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ನನ್ನ ಸೊಸಿ ಆರಾಮ ಅದಾಳ."