ಓಪಲ್ ಕೊಂಡ ಕೋಲ್ಟ್

ಓಪಲ್ ಹಚಿನ್ಸ್ ಬಹುಕಾಲದಿಂದ ನಮ್ಮೂರಿನ ಶಾಲಾ ಬಸ್ಸು ಓಡಿಸುತ್ತಿದ್ದಾಳೆ. ಹಿಮ ಬಿದ್ದ ದಿನ ಓಹಾಯೋದ ಈ ಗುಡ್ಡದ ರಸ್ತೆಗಳಲ್ಲಿ ಕಾರು ತೆಗೆಯಲು ಗಂಡಸರೇ ಹಿಂದೆಮುಂದೆ ನೋಡುತ್ತಾರೆ. ಅವಳ ಬಸ್ಸು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ. ಗಂಡ ತೀರಿಕೊಂಡ ಮೇಲೆ ಅವನ ಜಾಗದಲ್ಲಿ ನಮ್ಮ ರಿವಾಲ್ವರ್ ಶೂಟಿಂಗ್ ಕ್ಲಬ್ಬಿಗೆ ಸೇರಿದಳು. ಅವಳ ಗುರಿ ನನ್ನದಕ್ಕಿಂತ ಚೆನ್ನಾಗಿದೆ. ಅದನ್ನು ಹೇಳಲು ನನಗೆ ಖುಷಿಯೇನೂ ಇಲ್ಲ.

ಕ್ಲಬ್ಬು ಅಂದರೆ ಹಳೆಯ ಜಲ್ಲಿ ಕ್ವಾರಿಯ ಪಕ್ಕದ ತಗಡಿನ ಶೆಡ್ಡು, ಒಂದು ಕಾಫಿ ಪಾತ್ರೆ, ಮತ್ತೆ ಡೆಲ್ಮರ್ ಪ್ರೂಯಿಟ್. ಟ್ರ್ಯಾಕ್ಟರ್ ರಿಪೇರಿ ಮಾಡುವ ಡೆಲ್ಮರ್ ಸ್ಮಿತ್ ಕಂಪನಿಯ ರಿವಾಲ್ವರಿನ ಪರಮಭಕ್ತ. ಅವನ ಮಾತು ಕೇಳಿ ನಾವೆಲ್ಲ ಸ್ಮಿತ್ ಕೊಂಡವರೇ. ಕುದುರೆ ಗುರುತಿನ ಎದುರಾಳಿ ಕಂಪನಿ ಕೋಲ್ಟ್‌ನ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದ. "ಜನ್ಮದಲ್ಲಿ ಅದನ್ನ ಮುಟ್ಟಿಲ್ಲ, ಮುಟ್ಟೋದೂ ಇಲ್ಲ" ಅನ್ನುವುದು ಅವನ ಹೆಮ್ಮೆ.

ಅಂಥ ಶೆಡ್ಡಿಗೆ ಏಪ್ರಿಲ್‌ನ ಒಂದು ಶನಿವಾರ ಓಪಲ್ ಕೋಲ್ಟ್ ತಂದಳು. ಪಕ್ಕದ ಕೌಂಟಿಯ ಹರಾಜಿನಲ್ಲಿ ಕೊಂಡ ಹಳೇ ಕಾಲದ ರಿವಾಲ್ವರು. ಕಡುನೀಲಿ ಉಕ್ಕು, ಅಕ್ರೋಟು ಮರದ ಹಿಡಿ, ಹಿಡಿಯ ತಳದಲ್ಲಿ ಒಂದು ಚಕ್ಕೆ ಎದ್ದುಹೋಗಿತ್ತು. ನೋಡಿದ ಕೂಡಲೇ ನನ್ನ ಹೊಟ್ಟೆಗೆ ಕಿಚ್ಚು ಬಿತ್ತು. ಅದರ ಪಕ್ಕದಲ್ಲಿ ನನ್ನ ಸ್ಮಿತ್ ಕೊಳಾಯಿ ರಿಪೇರಿಯವನ ಸ್ಪ್ಯಾನರಿನಂತೆ ಕಂಡಿತು.

ಯಾರು ಬಂದೂಕು ಕೈಗಿತ್ತರೂ ಮೊದಲು ತೆರೆದು, ಒಳಗೆ ಗುಂಡಿಲ್ಲವೆಂದು ಕಣ್ಣಾರೆ ನೋಡಬೇಕು. ನಮ್ಮಲ್ಲಿ ಅದು ಉಸಿರಾಡಿದಷ್ಟೇ ಸಹಜ. ನಾನೂ ಓಪಲ್ ಕೈಯಿಂದ ತೆಗೆದುಕೊಂಡು, ಸ್ಮಿತ್ ತೆರೆದ ಅಭ್ಯಾಸದಂತೆ ಹೆಬ್ಬೆರಳಲ್ಲಿ ಚಿಲಕವನ್ನು ಮುಂದಕ್ಕೆ ತಳ್ಳಿದೆ. ತೆರೆಯಲಿಲ್ಲ. ಇನ್ನೂ ಜೋರಾಗಿ ತಳ್ಳಿದೆ.

"ಹಿಂದಕ್ಕೆ ಎಳಿಯೋ ಕ್ಲೆಮ್! ನೀನು ತಳ್ಳೋಕೆ ಅದೇನು ಕೆಟ್ಟು ನಿಂತ ಬಸ್ಸಾ?" ಎಂದಳು ಓಪಲ್.

ಎಲ್ಲರೂ ನಕ್ಕರು. ಡೆಲ್ಮರ್ ನಗಲಿಲ್ಲ. ಹಿಡಿಯನ್ನೇ ನೋಡುತ್ತಿದ್ದ.

ಅಲ್ಲಿಂದ ಪ್ರತಿ ಶನಿವಾರ ಅವಳಿಗೆ ಡೆಲ್ಮರ್‌ನ ಅರ್ಚನೆ.

"ಗುಂಡಿನ ಉರುಳೆ ಉಲ್ಟಾ ತಿರುಗುತ್ತೆ, ಚಿಲಕ ಉಲ್ಟಾ ಎಳೀಬೇಕು. ಕೊಂಡೋರ ತಲೇನೂ ಉಲ್ಟಾನೇ ಇರ್ಬೇಕು."

"ನಿನ್ನ ಸ್ಮಿತ್ ನೆಟ್ಟಗೇ ತಿರುಗುತ್ತಲ್ಲ, ಮತ್ತೆ ಗುಂಡು ಯಾಕಪ್ಪಾ ಪಕ್ಕದ ಗುಡ್ಡಕ್ಕೆ ಹೋಗುತ್ತೆ?"

"ಅದು ಷೋಕೇಸಿನ ಕುದುರೆ ಕಣೇ. ಬೇಜಾರಾದ್ರೆ ಹೇಳು, ಬದಲಿಗೆ ಒಳ್ಳೇ ಸ್ಮಿತ್ ಕೊಡ್ತೀನಿ. ಆ ತುಕ್ಕನ್ನ ನಾನೇ ಎಲ್ಲಾದ್ರೂ ಮೂಲೆಗೆ ಹಾಕ್ತೀನಿ."

ಅವನ ಹಿಂದೆ ನಾವೂ ಕೋರಸ್ಸು. ನಾನು ಎಲ್ಲರಿಗಿಂತ ಜೋರು, ಉರಿ ಇದ್ದವನ ದನಿಯೇ ಏರುವುದಲ್ಲವೇ. ಓಪಲ್ ಒಂದಕ್ಕೆ ಎರಡು ತಿರುಗಿಸಿ ಕೊಡುತ್ತಿದ್ದಳು. ಆದರೆ ಮೇ ಮುಗಿಯುವ ಹೊತ್ತಿಗೆ ರಿವಾಲ್ವರನ್ನು ಮೇಜಿನ ಮೇಲಿಡುವುದು ಬಿಟ್ಟು ಟವೆಲಿನಲ್ಲಿ ಸುತ್ತಿ ತರತೊಡಗಿದಳು. "ಕೊಟ್ಟುಬಿಡೋಣ ಅನ್ಸುತ್ತೆ ಕ್ಲೆಮ್, ಸಾಕಾಗಿದೆ" ಎಂದಳು ಒಮ್ಮೆ. "ಕೊಡೋದಾದ್ರೆ ನನಗೆ ಕೊಡು" ಎಂದೆ. ಅವಳು ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ.

ಮುಂದಿನ ವಾರ ಡೆಲ್ಮರ್ ಬಾಯಿ ತೆರೆದದ್ದೇ ತಡ, ಅವಳು ಟವೆಲು ಬಿಚ್ಚಿ ರಿವಾಲ್ವರನ್ನು ಅವನೆದುರು ಹಿಡಿದಳು. "ತಗೋ. ದೂರ ನಿಂತು ಬೈದಿದ್ದು ಸಾಕು. ಕೈಯಲ್ಲಿ ಹಿಡಿದು ಬೈ."

ಡೆಲ್ಮರ್ ಮಾತಿನ ಭರದಲ್ಲಿದ್ದ. "ಇದರ ಕುದುರೆ ಗುರುತಿಗೇ ಜನ ಮರುಳಾಗೋದು" ಅನ್ನುತ್ತಲೇ ತೆಗೆದುಕೊಂಡ. ಕಣ್ಣು ಅವಳ ಮುಖದ ಮೇಲೆಯೇ ಇತ್ತು. ಹೆಬ್ಬೆರಳು ತಾನಾಗಿ ಚಿಲಕವನ್ನು ಹಿಂದಕ್ಕೆ ಎಳೆಯಿತು, ಉರುಳೆ ಹೊರಬಂತು, ಒಳಗೆ ನೋಡಿದ, ಮುಚ್ಚಿದ. ಸ್ಮಿತ್ ಹಿಡಿದು ಮುದುಕನಾದವನ ಬೆರಳು ಒಂದು ಕ್ಷಣವೂ ತಡವರಿಸಲಿಲ್ಲ.

ಎಲ್ಲರಿಗೂ ಕಂಡಿತ್ತು.

"ಜನ್ಮದಲ್ಲಿ ಮುಟ್ಟಿಲ್ಲ ಅಂದಿದ್ಯಲ್ಲೋ?" ನಾನು ಕೇಳಿದೆ.

ಡೆಲ್ಮರ್ ಬೆಂಚಿನ ಮೇಲೆ ಕುಳಿತ. ಬೆರಳು ಹಿಡಿಯಲ್ಲಿ ಚಕ್ಕೆ ಎದ್ದ ಜಾಗವನ್ನು ಸವರುತ್ತಿತ್ತು. "ಇದು ನನ್ನ ಕೈಯಿಂದ ಬಿದ್ದು ಒಡೆದಿದ್ದು. ನಮ್ಮಪ್ಪನ ರಿವಾಲ್ವರ್ ಇದು. ಭಾನುವಾರ ಭಾನುವಾರ ಎಣ್ಣೆ ಹಾಕಿ ಒರೆಸ್ತಿದ್ದೋನು ನಾನು, ಗುರಿ ಕಲಿತಿದ್ದೂ ಇದರಲ್ಲೇ. ಸಾಯೋವಾಗ ಅಪ್ಪ ನನ್ನೆದುರಿಗೇ ತಮ್ಮನ ಕೈಗೆ ಕೊಟ್ಟ. ಅವನು ಒಂದು ದಿನಾನೂ ಹೊಡೀಲಿಲ್ಲ. ಈಗ ಫ್ಲಾರಿಡಾಕ್ಕೆ ಹೋಗೋವಾಗ ಹರಾಜಿಗೆ ಹಾಕಿದಾನೆ, ನನಗೊಂದು ಮಾತು ಹೇಳಲಿಲ್ಲ. ಅಪ್ಪ ಅವನಿಗೆ ಕೊಟ್ಟ ದಿನದಿಂದ ಕೋಲ್ಟ್ ಅಂದ್ರೆ ನನಗೆ ಮೈಯೆಲ್ಲ ಉರಿಯುತ್ತೆ."

ಹೊಟ್ಟೆಕಿಚ್ಚಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ನನ್ನದು ಬರೀ ಬೆಂಕಿಕಡ್ಡಿ. ತಮ್ಮನ ಮೇಲಿನ ಅವನ ಉರಿಗೆ ನಾವು ಇಷ್ಟು ಜನ ಸ್ಮಿತ್ ಕೊಂಡು ಕೂತಿದ್ದೆವು!

"ನನಗೆ ಕೊಟ್ಟುಬಿಡು ಓಪಲ್" ಎಂದ ಡೆಲ್ಮರ್. ಆ ದನಿಯನ್ನು ನಾವ್ಯಾರೂ ಕೇಳಿರಲಿಲ್ಲ.

ಓಪಲ್ ಅವನ ಪಕ್ಕದಲ್ಲಿ ಕುಳಿತಳು. "ಮೊದಲ ದಿನವೇ ನೀನು 'ಇದು ನಮ್ಮಪ್ಪಂದು' ಅಂದಿದ್ರೆ, ನಿನ್ನಾಣೆ, ಅವತ್ತೇ ಕೊಡ್ತಿದ್ದೆ. ನೀನು ಬೈದೆ. ನೀನು ಬೈದ ಒಂದೊಂದು ಮಾತಿಗೂ ನಾನು ಇದರ ಪರ ನಿಂತೆ. ನಿಂತೂ ನಿಂತೂ ಇದು ನನ್ನದಾಗಿಹೋಯ್ತು, ಡೆಲ್ಮರ್. ಈಗ ಕೊಡೋಕೆ ಮನಸ್ಸು ಬರಲ್ಲ." ಅವನ ಕೈಯಿಂದ ರಿವಾಲ್ವರನ್ನು ತೆಗೆದುಕೊಂಡು ಹೇಳಿದಳು: "ಶನಿವಾರ ಬಾ. ನಾನು ಹೊಡೆದಾದ ಮೇಲೆ ನೀನು ಹೊಡಿ."

ಈಗ ಡೆಲ್ಮರ್ ಸ್ಮಿತ್ ತರುವುದಿಲ್ಲ, ಬರಿಗೈಯಲ್ಲಿ ಬರುತ್ತಾನೆ. ಓಪಲ್ ನಿಧಾನವಾಗಿ, ಒಂದೊಂದಾಗಿ ಗುರಿಯಿಟ್ಟು ಹೊಡೆಯುತ್ತಾಳೆ. ಅವನು ಟೊಪ್ಪಿ ತೆಗೆದು ಅವಳ ಹಿಂದೆ ನಿಂತು, ತನ್ನಪ್ಪನ ರಿವಾಲ್ವರಿಗಾಗಿ ತನ್ನ ಸರದಿ ಕಾಯುತ್ತಾನೆ.