ಫಕೀರಬಿಯ ಬೋಟಿ ಗಂಟು

ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಾಗ ಲಕ್ಷ್ಮೇಶ್ವರದ ಸುತ್ತಲಿನ ಕುರುಬರು ಹಿಂಡು ಹೊಡೆದುಕೊಂಡು ದೂರದ ಮೇವಿಗೆ ಹೊರಡುತ್ತಿದ್ದರು. ಅವರು ಹೊರಡುವ ಮೊದಲಿನ ರವಿವಾರ ಕುರಿ ಸಂತೆಯ ಬಯಲಿನಲ್ಲಿ ತಲಿ-ಕಾಲಿನ ಊಟ ನಡೆಯುತ್ತಿತ್ತು. ಕುರಿ ಕಾಯುವವರು ಮತ್ತು ಕೊಯ್ಯುವವರು ಕೂಡಿ ಊರಿಗೆಲ್ಲ ಬಡಿಸುವ ಊಟವದು. ತೊಡೆ, ಎದೆ, ಬೆನ್ನಿನ ಮಾಂಸ ಆ ದಿನ ಬಯಲಿಗೆ ಬರುವಂತಿರಲಿಲ್ಲ. ಅದು ವರ್ಷವಿಡೀ ಕೊಳ್ಳುವವರ ಮನೆಗೆ ಹೋಗುತ್ತದೆ. ಕಾಯುವವರಿಗೂ ಕೊಯ್ಯುವವರಿಗೂ ಉಳಿಯುವುದು ತಲೆ, ಕಾಲು, ಕರುಳು, ರಕ್ತ. ಹಾಗೆ ಉಳಿದದ್ದಕ್ಕೆ ಒಂದು ದಿನದ ಹಬ್ಬ.

ಕಲ್ಲು ಹೂಡಿದ ಒಲೆಗಳು ಸಾಲಾಗಿ ಉರಿಯುತ್ತಿದ್ದವು. ಒಂದರಲ್ಲಿ ಕಾಲಿನ ಸಾರು, ಒಂದರಲ್ಲಿ ನಾಲಿಗೆ, ಇನ್ನೊಂದರ ಕಾವಲಿಯ ಮೇಲೆ ಮೆದುಳು. ಸಾಲಿನ ನಡುವಿನ ಒಲೆ ಫಕೀರಬಿಯದು. ಅವಳು ಮಾಡುತ್ತಿದ್ದುದು ಬೋಟಿ ಗಂಟು. ಕುರಿಯ ಹೊಟ್ಟೆಯ ಚೀಲವನ್ನು ಅಂಗೈಯಗಲ ಕತ್ತರಿಸಿ, ಒಳಗೆ ಕಲೇಜಿಯ, ಅಂದರೆ ಯಕೃತ್ತಿನ ಚೂರು, ಮಸಾಲೆ ಇಟ್ಟು ಮಡಚಿ, ಅದೇ ಕುರಿಯ ಸಣ್ಣ ಕರುಳನ್ನು ದಾರದಂತೆ ಸುತ್ತಿ ಗಂಟು ಹಾಕುವುದು. ದಾರವಿಲ್ಲ, ಕಡ್ಡಿ ಚುಚ್ಚುವುದಿಲ್ಲ. ಹಂಡೆ ಮಧ್ಯಾಹ್ನದವರೆಗೆ ಕುದಿದರೂ ಒಂದು ಗಂಟೂ ಬಿಚ್ಚುತ್ತಿರಲಿಲ್ಲ. ನಾನು ಪ್ರತಿ ವರ್ಷ ಹಂಡೆಯಲ್ಲಿ ಇಣುಕಿ ನೋಡಿದ್ದೇನೆ, ಪ್ರತಿ ವರ್ಷ ನಂಬಲು ಸ್ವಲ್ಪ ಹೊತ್ತು ಹಿಡಿದಿದೆ.

ಫಕೀರಬಿ ಯಳವತ್ತಿಯವಳು, ಕಟುಕ ರಹಮಾನಸಾಬನ ಹೆಂಡತಿ. ಈ ಅಡುಗೆಯನ್ನೂ ಒಲೆಯನ್ನೂ ಅತ್ತೆಯಿಂದ ಪಡೆದಿದ್ದಳು. ಸಿಪ್ಪೆ ತೆಗೆದ ತೊಗರಿ ಕಟ್ಟಿಗೆಯ ಮೇಲೆ ಕರುಳಿನ ಒಳಮೈ ಹೊರಗೆ ತಿರುವುವುದು, ಸುಣ್ಣದ ತಿಳಿನೀರು, ಆಮೇಲೆ ಉಪ್ಪು, ಜೋಳದ ಹಿಟ್ಟು ಹಾಕಿ ತಿಕ್ಕುವುದು, ಮತ್ತೆ ನೀರು. ಎಲ್ಲಿಯವರೆಗೆ? ಅತ್ತೆ ಹೇಳಿದ್ದು, ಮೂಗು ಸಾಕು ಅನ್ನುವವರೆಗೆ.

೧೯೭೯ರ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಒಂದು ದಿನ ಹಂಚಿನ ಮೇಲೆ ರೊಟ್ಟಿ ಕರಕಾಯಿತು. ಹೊಗೆ ಅವಳ ಕಣ್ಣಿಗೆ ಬಂತು, ಮೂಗಿಗೆ ಬರಲಿಲ್ಲ. ಒಣಮೀನು ಮೂಸಿದಳು, ಸೀಮೆ ಎಣ್ಣೆ ಮೂಸಿದಳು. ಏನೂ ಇಲ್ಲ. ರಹಮಾನಸಾಬನಿಗೆ ಮಾತ್ರ ಹೇಳಿದಳು.

"ಈ ವರ್ಷ ಒಲಿ ಬಿಟ್ಟುಬಿಡು," ಎಂದ ಅವನು. "ಬೋಟಿ ನಾತ ಬಂತಂದ್ರ ಊರ ತುಂಬ ಹೆಸರು ಕೆಡತೈತಿ."

"ಒಮ್ಮೆ ಬಿಟ್ರ ಒಲಿ ಮತ್ತೊಬ್ಬರಿಗೆ ಹೋಗತೈತಿ. ನಿಮ್ಮವ್ವ ಕೊಟ್ಟ ಒಲಿರಿ ಅದು."

ಒಮ್ಮೆ ಬಿಟ್ಟ ಒಲೆ ಮತ್ತೊಬ್ಬರಿಗೆ ಹೋಗುವುದು ಬಯಲಿನ ನಿಯಮ. ಇನ್ನೂ ಕಠಿಣವಾದ ನಿಯಮ ಮತ್ತೊಂದಿತ್ತು. ಬಡಿಸುವ ಮೊದಲು ಹಿರಿಯ ಬುಡ್ಡೇಸಾಬ ಒಲೆಯಿಂದ ಒಲೆಗೆ ಬರುತ್ತಿದ್ದ. ಬೇಯಿಸಿದವಳೇ ಮುಚ್ಚಳ ತೆಗೆದು, ಹಬೆಗೆ ಮುಖ ಒಡ್ಡಿ ಮೂಸಿ, ಅಡುಗೆ ಚೊಕ್ಕ ಐತಿ ಎಂದು ಎಲ್ಲರೆದುರು ಹೇಳಬೇಕು. ಬೇರೆ ಯಾರೂ ಪರೀಕ್ಷಿಸುತ್ತಿರಲಿಲ್ಲ. ಊರು ಅವಳ ಮಾತಿನ ಮೇಲೆ ಉಣ್ಣುತ್ತಿತ್ತು.

ಮೂಗಿಲ್ಲದೆ ಬೋಟಿ ತೊಳೆಯಲು ಫಕೀರಬಿ ಹಬ್ಬದವರೆಗೂ ಮನೆಯ ಹಿತ್ತಲಿನಲ್ಲಿ ಕೂತು ಕಲಿತಳು. ಗಂಡ ತಂದ ಕರುಳನ್ನು ತೊಳೆಯುವುದು, ಗಂಟು ಹಾಕಿ ಎಳೆಯುವುದು, ಅವನಿಗೆ ಮೂಸಲು ಕೊಡುವುದು. ನಾತವಿದ್ದ ಕರುಳಿನ ಗಂಟು ಎಳೆದಾಗ ಜಾರುತ್ತಿತ್ತು. ನಾತ ಹೋದ ಕರುಳಿನದು ಕಚ್ಚಿ ಹಿಡಿಯುತ್ತಿತ್ತು. ಕರುಳಿನ ಒಳಮೈಗೆ ಲೋಳೆಯ ಪದರವಿರುತ್ತದೆ. ಅದು ಉಳಿದಷ್ಟೂ ಗಂಟಿಗೆ ಹಿಡಿತ ಕಡಿಮೆ, ನಾತವೂ ಅದರಿಂದಲೇ. ಕಾರಣ ಇಷ್ಟೇ. ಆದರೆ ಜ್ವರದಿಂದೆದ್ದ ಒಬ್ಬ ಹೆಂಗಸು ಅದನ್ನು ತನ್ನ ಎರಡು ಬೆರಳಿನಿಂದ ಹುಡುಕಿ ತೆಗೆದಳೆಂಬುದು ನೆನೆದಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಹಬ್ಬದ ದಿನ ಅವಳ ಪಕ್ಕದ ಒಲೆಯಲ್ಲಿ ಕರಿಯವ್ವ ಇದ್ದಳು, ಕುರುಬರ ಹುಲಗಪ್ಪನ ಹೆಂಡತಿ. ಅವಳದು ರಕ್ತದ ಪಲ್ಯ, ಫಕೀರಬಿಯ ಮನೆಯವರು ತಿನ್ನದ್ದು.

"ಅಕ್ಕಾ, ನೀ ನನ್ನ ಗಡಿಗಿ ಮುಟ್ಟಂಗಿಲ್ಲ, ನಾ ನಿನ್ನ ಗಡಿಗಿ ಬಿಡಂಗಿಲ್ಲ," ಎಂದು ಕರಿಯವ್ವ ಎಂದಿನಂತೆ ಕೆಣಕಿದಳು. "ಎರಡು ಗಂಟು ನನಗ ತೆಗೆದಿಡು. ಹೋದ ವರ್ಷ ಒಂದರಾಗ ಮುಗಿಸಿದಿ."

ಫಕೀರಬಿ ನಗಲಿಲ್ಲ. ಬುಡ್ಡೇಸಾಬ ಬಂದು ನಿಂತಿದ್ದ. ಹಿಂದೆ ಬುತ್ತಿ ರೊಟ್ಟಿ ಹಿಡಿದು ಊರವರು. ಅವಳು ಮುಚ್ಚಳ ತೆಗೆದಳು. ಹಬೆ ಎದ್ದಿತು. ಬಗ್ಗಿದಳು, ಮತ್ತೆ ನೆಟ್ಟಗಾದಳು.

"ಹೇಳವಾ," ಎಂದ ಬುಡ್ಡೇಸಾಬ.

"ಚಾಚಾ, ನನ್ನ ಮೂಗು ಹೋಗೇತ್ರಿ. ಜ್ವರದಾಗ ಹೋತು. ನಾ ಮೂಸಿ ಹೇಳಿದ್ರ ಸುಳ್ಳಾಗತೈತಿ."

ಮುಂದೆ ನಿಂತಿದ್ದ ಹೇಮಪ್ಪ ತಟ್ಟೆ ಹಿಂದಕ್ಕೆ ಎಳೆದುಕೊಂಡ. ಅವನ ಹಿಂದಿನವರೂ ಹಿಂದೆ ಸರಿದರು.

"ಹಂಗಾರ ತೊಳದದ್ದು ಹೆಂಗ?" ಎಂದ ಬುಡ್ಡೇಸಾಬ.

ಫಕೀರಬಿ ಹಂಡೆಯಿಂದ ಒಂದು ಗಂಟನ್ನು ಸವಟಿನಲ್ಲಿ ಎತ್ತಿ, ಆರಲು ಬಿಟ್ಟು, ಕರುಳಿನ ಎರಡೂ ತುದಿ ಹಿಡಿದು ಅವನ ಮುಂದೆ ಚಾಚಿದಳು. "ಎಳೀರಿ. ಲೋಳಿ ಇದ್ರ ಜಾರತೈತಿ. ಕಟ್ಟೋ ಮುಂದ ಒಂದೊಂದನ್ನೂ ಎಳದು ನೋಡೀನಿ. ಜಾರಿದ್ದನ್ನ ಮತ್ತ ತೊಳದೀನಿ."

ಅವನು ಎಳೆದ. ಗಂಟು ಇನ್ನೂ ಬಿಗಿಯಿತು. ಇನ್ನೊಮ್ಮೆ ಎಳೆದಾಗ ಕರುಳೇ ಹರಿಯಿತು. ಗಂಟು ಮಾತ್ರ ಹಾಗೆಯೇ ಇತ್ತು. ಬುಡ್ಡೇಸಾಬ ಹರಿದ ತುದಿಯನ್ನೂ ಅವಳ ಬೆರಳುಗಳನ್ನೂ ನೋಡಿದ. ಸುಣ್ಣ ತಿಂದ ಬೆರಳುಗಳ ಚರ್ಮ ಎದ್ದಿತ್ತು.

"ಕರಿಯವ್ವಾ, ಬಾ ಇಲ್ಲೆ. ನಿನ್ನ ಮೂಗು ಹಚ್ಚು."

ಒಬ್ಬಳ ಹಂಡೆಗೆ ಇನ್ನೊಬ್ಬಳು ಬಗ್ಗಿದ್ದನ್ನು ಆ ಬಯಲು ಅದುವರೆಗೆ ಕಂಡಿರಲಿಲ್ಲ. ಕರಿಯವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಗ್ಗಿದಳು. ಏಳಲು ತಡ ಮಾಡಿದಳು. ಫಕೀರಬಿ ಅವಳ ಬೆನ್ನನ್ನೇ ನೋಡುತ್ತ ನಿಂತಿದ್ದಳು.

"ನಾತ ಇಲ್ರಿ," ಎಂದಳು ಕರಿಯವ್ವ. "ನನಗ ಮೂರು ಗಂಟು ಬೇಕು."

ಜನ ನಕ್ಕರು. "ಒಲಿ ನಿಂದ ಐತಿ, ಫಕೀರಬಿ," ಎಂದ ಬುಡ್ಡೇಸಾಬ. "ಇನ್ನ ಮ್ಯಾಲೆ ಕಟ್ಟೋದು ನೀನು, ಮೂಸೋದು ಆಕಿ." ತನ್ನ ರೊಟ್ಟಿಯನ್ನು ತಾನೇ ಮುಂದೆ ಹಿಡಿದ.

ಫಕೀರಬಿ ಬಡಿಸಲಿಲ್ಲ. ಕರಿಯವ್ವನ ಕೈ ಹಿಡಿದಳು. "ನಾತ ಇಲ್ಲ ಅಂದಿ, ಆತು. ಇರೋದು ಏನೈತಿ, ಅದನ್ನ ಹೇಳು."

ಕರಿಯವ್ವ ಮತ್ತೆ ಹಬೆಗೆ ಬಗ್ಗಿದಳು. ಈ ಸಲ ಕಣ್ಣು ಮುಚ್ಚಿದ್ದಳು. "ಮೊದಲ ಹುರಿದ ಕೊಬ್ಬರಿ ಬರತೈತಿ. ಅದರ ಬೆನ್ನಿಗೆ ಬಳ್ಳೊಳ್ಳಿ. ಲವಂಗ ಎಲ್ಲೋ ದೂರ ಐತಿ, ಓಣಿ ಆ ತುದಿಗೆ ಯಾರೋ ನಿಂತಂಗ."

"ಬಳ್ಳೊಳ್ಳಿ ಹಸಿ ಐತೇನು?"

"ಇಲ್ಲ, ಬೆಂದೈತಿ. ಕಲೇಜಿ ಈಗ ಬಂತು ನೋಡು, ಮೆತ್ತಗ."

ಸಾಲಿನಲ್ಲಿ ಯಾರೂ ಅವಸರ ಮಾಡಲಿಲ್ಲ. ತಟ್ಟೆ ಎಳೆದುಕೊಂಡಿದ್ದ ಹೇಮಪ್ಪನೂ ಬಾಯಿ ತೆರೆದು ಕೇಳುತ್ತಿದ್ದ. ಫಕೀರಬಿ ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದಳು, ಅದು ಅವಳ ಮೂಗಿನೊಳಗೇ ಹೋಗಿ ಕೂತಂತೆ.

"ಮತ್ತ?" ಎಂದಳು.

"ಮತ್ತ... ಏನೋ ಸೀದ ವಾಸನಿ," ಎನ್ನುತ್ತ ಕರಿಯವ್ವ ತಟ್ಟನೆ ಎದ್ದಳು. "ಅಯ್ಯ, ಅದು ನಿಂದಲ್ಲ ಅಕ್ಕಾ. ನನ್ನ ಪಲ್ಯ ತಳ ಹತ್ತೈತಿ." ಸೀರೆ ಎತ್ತಿಕೊಂಡು ತನ್ನ ಒಲೆಗೆ ಓಡಿದಳು.

ಫಕೀರಬಿ ಆಗ ನಕ್ಕಳು. ಸವಟು ಮುಳುಗಿಸಿ ಮೊದಲ ಗಂಟನ್ನು ಬುಡ್ಡೇಸಾಬನ ರೊಟ್ಟಿಯ ಮೇಲಿಟ್ಟಳು. ಕರಿಯವ್ವನಿಗೆಂದು ಮೂರನ್ನು ತೆಗೆದು ಬೋಗುಣಿಯಲ್ಲಿ ಮುಚ್ಚಿಟ್ಟಳು.